ಒಂದೇ ಬಣ್ಣದಂಥ ಎರಡು ಬಣ್ಣಗಳು

ಗೋಡೆಗೆ ಬಣ್ಣ ಆರಿಸುವಾಗ ಒಂದನ್ನೊಂದು ಹೋಲುವ ಎರಡರ ನಡುವೆ ತೀರ್ಮಾನಿಸುವಷ್ಟು ಕಷ್ಟ ಬೇರೊಂದಿಲ್ಲ. ನನ್ನ ತಾಯಿಯವರ ಕೋಣೆಗೆಂದು ಅಂಗಡಿಯಿಂದ ತಂದ ಎರಡು ಚೀಟಿಗಳು ಅಂಥವು. ಎರಡೂ ಕೋರಾ ಬಟ್ಟೆಯ ಮಾಸಲು ಬಣ್ಣ; ಎರಡರಲ್ಲಿಯೂ ಗುಲಾಬಿಯ ಛಾಯೆ. ಇಂಥ ಬಣ್ಣಗಳನ್ನು ಸಾಮಾನ್ಯವಾಗಿ ಬಿಳಿಗೆ ಕೆಂಪು ಮತ್ತು ಹಳದಿ ಕಬ್ಬಿಣದ ಆಕ್ಸೈಡುಗಳನ್ನು ಬೆರೆಸಿ ತಯಾರಿಸುತ್ತಾರೆ. ನಮ್ಮ ಹಳ್ಳಿಮನೆಗಳ ಕೆಮ್ಮಣ್ಣಿಗೂ ಕೆಂಪು ಬಂದದ್ದು ಅದೇ ಕಬ್ಬಿಣದಿಂದ. ಕೆಂಪು ತುಸು ಮಿಕ್ಕರೆ ಗುಲಾಬಿ, ಹಳದಿ ತುಸು ಮಿಕ್ಕರೆ ಮರಳಿನ ಬಣ್ಣ.

ಈ ತುಸುವನ್ನು ಬೆಳಕು ಹಿಗ್ಗಿಸಲೂ ಬಲ್ಲುದು, ಅಳಿಸಲೂ ಬಲ್ಲುದು. ಉತ್ತರದ ಕಿಟಕಿಯಿಂದ ಬರುವ ಬಾನಿನ ಬೆಳಕಿನಲ್ಲಿ ನೀಲಿಯ ಅಂಶ ಹೆಚ್ಚು. ಅಲ್ಲಿ ಮರಳಿನ ಬಣ್ಣ ಬೂದಿಯತ್ತ ವಾಲುತ್ತದೆ. ಪಡುವಣ ಬಿಸಿಲಿನಲ್ಲಿ ಗುಲಾಬಿ ಚಂದ್ರಸೀಬೆಯ ತಿರುಳಿನಂತೆ ಕೆಂಪೇರುತ್ತದೆ. ನೆರೆಯ ಬಣ್ಣವೂ ಸುಮ್ಮನಿರುವುದಿಲ್ಲ. ಪ್ಯಾರಿಸಿನ ಗೋಬೆಲಿನ್ ನೇಯ್ಗೆಶಾಲೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್, ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸಿ ತೋರುವ ಬಗೆಯನ್ನು 1839ರ ತನ್ನ ಗ್ರಂಥದಲ್ಲಿ ವಿವರಿಸಿದನು. ಹಸಿರು ಪರದೆಯ ಬದಿಯಲ್ಲಿ ಗುಲಾಬಿ ಗೋಡೆ ಇನ್ನಷ್ಟು ಗುಲಾಬಿಯಾಗಿ ಕಾಣುವುದು ಇದರಿಂದಲೇ.

ಇವನ್ನೆಲ್ಲ ನಾನು ಹೇಳುತ್ತಿದ್ದರೆ, ತಾಯಿಯವರು ಚೀಟಿಗಳನ್ನು ಕಣ್ಣಿನ ಹತ್ತಿರ ಹಿಡಿದು, “ಎರಡೂ ಒಂದೇ ಅಲ್ಲವೇನಪ್ಪ?” ಎಂದರು. ಅವರ ಕಣ್ಣಿಗೆ ಅದೇ ಸತ್ಯ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೂಡಿ, ನೀಲಿ ಬೆಳಕನ್ನು ತಡೆಯತೊಡಗುತ್ತದೆ. ಪೊರೆ ಬೆಳೆದ ಕಣ್ಣಿಗೆ ಇಂಥ ನಾಜೂಕು ಭೇದಗಳು ಕರಗಿಹೋಗುತ್ತವೆ. ಶಸ್ತ್ರಚಿಕಿತ್ಸೆಯ ದಿನ ಆಗಲೇ ಗೊತ್ತಾಗಿತ್ತು. ಬಣ್ಣದ ಕೆಲಸವನ್ನು ಅದರಾಚೆಗೆ ಮುಂದೂಡಿದೆವು.

ಪೊರೆ ತೆಗೆಸಿದ ಮೇಲೆ, ಕೋಣೆಯ ಎರಡು ಗೋಡೆಗಳಲ್ಲಿ ಮೊಳದಗಲ ಎರಡೂ ಬಣ್ಣಗಳನ್ನು ಬಳಿಸಿದೆವು. ತಾಯಿಯವರು ಬೆಳಿಗ್ಗೆ ನೋಡಿದರು, ಸಂಜೆ ನೋಡಿದರು, ರಾತ್ರಿ ದೀಪ ಹಚ್ಚಿ ನೋಡಿದರು. ಕಡೆಗೆ ಮರಳಿನ ಬಣ್ಣವೇ ಇರಲಿ ಎಂದರು. ರಾತ್ರಿ ಎದ್ದಾಗ ಕಾವಿ ನೆಲ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಮೊದಲಾಯಿತು ಎಂಬುದು ಅವರಿಗೆ ಅದರಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು. ಗೋಡೆ ಹಿಡಿದು ನಡೆಯುವವರಿಗೆ ಅದು ಸಣ್ಣ ಮಾತಲ್ಲ.

ಆದುದರಿಂದ, ಬಣ್ಣವನ್ನು ಅಂಗಡಿಯ ದೀಪದಡಿಯಲ್ಲಿ ತೀರ್ಮಾನಿಸಬೇಡಿ. ಗೋಡೆಯ ಮೇಲೆ ಬಳಿದು, ಒಣಗಲು ಬಿಟ್ಟು, ಒಂದು ಹಗಲು ಒಂದು ಇರುಳು ಕಾಯಿರಿ. ಆ ಕೋಣೆಯಲ್ಲಿ ಬಾಳುವವರನ್ನು ಕೇಳಿ ಆರಿಸಿರಿ.