ದಾರಿ ಮಾಡುವವನು ಮೊದಲು

(ಇಬ್ರಾದ ನಮ್ಮ ವಾರಾಂತ್ಯ ಕನ್ನಡ ಶಾಲೆಯ ಪದವಿ ಪ್ರದಾನ ಸಮಾರಂಭದಲ್ಲಿ ಪೋಷಕರ ಪರವಾಗಿ ಆಡಿದ ಮಾತುಗಳ ಬರಹರೂಪ)



ಪೋಷಕರ ಪರವಾಗಿ ಹತ್ತು ನಿಮಿಷ ಮಾತಾಡಿ ಅಂತ ಕೇಳಿಕೊಂಡರು. ಕನ್ನಡದ ಹಿರಿಮೆಯ ಬಗ್ಗೆ ಹೇಳಲು ನನಗಿಂತ ಬಲ್ಲವರು ಇಲ್ಲಿದ್ದಾರೆ. ನಾನು ರಸ್ತೆ ಕೆಲಸದವನು. ಹಾಗಾಗಿ ನನಗೆ ಗೊತ್ತಿರುವ ಕಡೆಯಿಂದಲೇ ಬರುತ್ತೇನೆ. ಮಾತು ಒಂದು ಕಂಪ್ಯೂಟರ್ ಗೇಮ್, ಅದರೊಳಗಿನ ಎಂಜಿನಿಯರ್ ಮತ್ತು ಕಾರವಾರದ ಕಡೆಯ ಒಬ್ಬ ಸೈನಿಕನ ಬಗ್ಗೆ.

ಈ ವರ್ಷ ಕೊನೆಯ ತರಗತಿಯ ಮಕ್ಕಳು ತಮಗಿಷ್ಟವಾದ ವಿಷಯದ ಮೇಲೆ ಐದು ನಿಮಿಷ ಕನ್ನಡದಲ್ಲಿ ಮಾತಾಡಬೇಕಿತ್ತು. ನಮ್ಮ ಮಗ ಆರಿಸಿಕೊಂಡಿದ್ದು 'ಸುಪ್ರೀಂ ಕಮಾಂಡರ್' ಗೇಮ್‌ನಲ್ಲಿ ಎಂಜಿನಿಯರ್‌ಗಳ ಕೆಲಸ. ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. "ವಿಶ್ವೇಶ್ವರಯ್ಯನವರ ಬಗ್ಗೆ ಮಾತಾಡೋ, ಅವರೂ ಎಂಜಿನಿಯರೇ ಅಲ್ವಾ" ಅಂದಳು ಅವನಮ್ಮ. ಊರಿನಿಂದ ಫೋನಿನಲ್ಲಿ ಅವನ ಅಜ್ಜಿ, "ಹೊಡೆದಾಟದ ಆಟದ ಮಾತು ಶಾಲೇಲಿ ಯಾಕಪ್ಪಾ?" ಅಂದರು. ಅವನು ಕೊಟ್ಟ ಉತ್ತರ: "ಅಜ್ಜಿ, ಇವನು ಹೊಡೆಯೋದೇ ಇಲ್ಲ. ಆದ್ರೆ ಇವನಿಲ್ದೆ ಯಾರೂ ಹೊಡೆಯೋಕಾಗಲ್ಲ." ಆ ಮಾತು ಕೇಳಿ ನಾನೂ ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ.

ಸುಪ್ರೀಂ ಕಮಾಂಡರ್ 2007ರಲ್ಲಿ ಬಂದ ಗೇಮ್. ಸಾವಿರ ವರ್ಷದಿಂದ ಮುಗಿಯದ ಯುದ್ಧ, ನಕ್ಷತ್ರಗಳ ನಡುವೆ ಹರಡಿಕೊಂಡ ಮನುಷ್ಯರು, ಮೂರು ಬಣಗಳು, ಇದು ಅದರ ಕಥೆ. ಪರದೆಯ ಮೇಲೆ ಟ್ಯಾಂಕು, ವಿಮಾನ, ಹಡಗು, ಮನೆಯಷ್ಟು ದೊಡ್ಡ ರೋಬೋಟು ಎಲ್ಲ ಇವೆ. ಆದರೆ ಆಟ ನಿಂತಿರುವುದು ಚಿಕ್ಕದೊಂದು ಯಂತ್ರದ ಮೇಲೆ. ಅದೇ ಎಂಜಿನಿಯರ್. ಬಹುಪಾಲು ಎಂಜಿನಿಯರ್‌ಗಳಿಗೆ ಆಯುಧವೇ ಇಲ್ಲ. ನೆಲದಿಂದ ಲೋಹ ತೆಗೆಯುವ ಗಣಿ, ವಿದ್ಯುತ್ ಘಟಕ, ಕಾರ್ಖಾನೆ, ಕೋಟೆಗೋಡೆ, ರೇಡಾರ್, ಇವನ್ನೆಲ್ಲ ಕಟ್ಟುವುದು ಅದು. ಕೆಟ್ಟದ್ದನ್ನು ರಿಪೇರಿ ಮಾಡುವುದೂ ಅದೇ. ಕಾದಾಟ ಮುಗಿದ ಜಾಗಕ್ಕೆ ಹೋಗಿ ಮುರಿದ ಟ್ಯಾಂಕುಗಳಿಂದ ಲೋಹ ವಾಪಸ್ ಪಡೆಯುವುದೂ ಅದೇ. ಹೊಸದಾಗಿ ಆಡುವವರು ಇರೋ ಲೋಹವನ್ನೆಲ್ಲ ಟ್ಯಾಂಕುಗಳಿಗೆ ಸುರಿಯುತ್ತಾರಂತೆ. ಪಳಗಿದವರು ಮೊದಲು ಎದುರಾಳಿಯ ಎಂಜಿನಿಯರ್‌ಗಳನ್ನು ಹುಡುಕುತ್ತಾರೆ, ತಮ್ಮವರನ್ನು ಕಾಯುತ್ತಾರೆ.

ಇದನ್ನು ಕನ್ನಡದಲ್ಲಿ ಹೇಳಲು ಹೊರಟಾಗ ಅವನಿಗೆ ಪದಗಳು ಬೇಕಾದವು. ಮುರಿದದ್ದರಿಂದ ಲೋಹ ತೆಗೆಯುವುದಕ್ಕೆ ಏನನ್ನಲಿ ಅಂತ ಕೇಳಿದ. "ಗುಜರಿ ಆಯೋದು" ಅಂದೆ. ನಾಲ್ಕಾರು ಎಂಜಿನಿಯರ್‌ಗಳು ಸೇರಿ ಒಂದೇ ಕಾರ್ಖಾನೆ ಕಟ್ಟಿದರೆ? "ಕೈಗೂಡಿಸೋದು." ಶತ್ರು ಬರುವ ಮುನ್ನ ಹೋಗಿ ಜಾಗ ಹಿಡಿದು ಕಟ್ಟಿದರೆ? "ಠಾಣ್ಯ ಹೂಡೋದು" ಅಂತ ನಮ್ಮ ಗುರುಗಳು ಹೇಳಿಕೊಟ್ಟರು. ಹಳೆಯ ಪದ, ಹೊಸ ಗ್ರಹದಲ್ಲಿ ಸರಿಯಾಗಿ ಕೂತಿತು. ಪಾಠದ ಪುಸ್ತಕದಿಂದ ಕಲಿತ ಪದ ಪರೀಕ್ಷೆ ಮುಗಿದ ಮೇಲೆ ಮರೆತುಹೋಗಬಹುದು. ಬೇಕಾಗಿ ಕೇಳಿ ಪಡೆದ ಪದ ಹೋಗುವುದಿಲ್ಲ. ಇವತ್ತಿಗೂ ಅವನು ಗೆಳೆಯನಿಗೆ ಮೈಕಿನಲ್ಲಿ "ಗುಜರಿ ಆಯ್ಕೋ, ಗುಜರಿ ಆಯ್ಕೋ" ಅಂತ ಕೂಗುತ್ತಿರುತ್ತಾನೆ.

ನಿಜವಾದ ಸೈನ್ಯದಲ್ಲಿ ಈ ಕೆಲಸ ಮಾಡುವವರು ಯಾರು ಅಂತ ಅವನು ಕೇಳಿದಾಗ ಉತ್ತರ ನಮ್ಮ ನಾಡಿನಲ್ಲೇ ಸಿಕ್ಕಿತು. ಅವರನ್ನು ಸ್ಯಾಪರ್‌ಗಳು ಅನ್ನುತ್ತಾರೆ. ಕೋಟೆಯ ಬುಡದವರೆಗೆ ಕಂದಕ ತೋಡುತ್ತಾ ಹೋಗುವ ಕೆಲಸಕ್ಕೆ ಫ್ರೆಂಚರು ಇಟ್ಟ ಹೆಸರಿನಿಂದ ಬಂದ ಪದ ಅದು. ಬೆಂಗಳೂರಿನ ಹಲಸೂರು ಕೆರೆಯ ಪಕ್ಕ ಓಡಾಡಿದವರು ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಕೇಂದ್ರವನ್ನು ನೋಡಿರುತ್ತೀರಿ. 1780ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಪಡೆ ಅದು. ಅದರ ಜೊತೆಗಿದ್ದ ಮೆಕ್ಲಿಂಟಾಕ್ ಎಂಬ ಅಧಿಕಾರಿ 1912ರಲ್ಲಿ ಬೆಂಗಳೂರಿನಲ್ಲೇ ಒಂದು ಸಾಧನ ರೂಪಿಸಿದ. ಸ್ಫೋಟಕ ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಉದ್ದ ಮಾಡಿ, ಮುಳ್ಳುತಂತಿಯ ಬೇಲಿಯಡಿ ತಳ್ಳಿ ದೂರದಿಂದ ಸಿಡಿಸುವುದು. ಬೇಲಿಯಲ್ಲಿ ದಾರಿ ಬೀಳುತ್ತದೆ, ಯಾರೂ ಎದ್ದು ಹೋಗಿ ತಂತಿ ಕತ್ತರಿಸಬೇಕಿಲ್ಲ. ಅದರ ಹೆಸರೇ ಬ್ಯಾಂಗಲೋರ್ ಟಾರ್ಪಿಡೊ. 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರದಲ್ಲಿ ಅಮೆರಿಕದ ಸೈನಿಕರು ತಂತಿಬೇಲಿ ಒಡೆದದ್ದು ಇದರಿಂದಲೇ.

ಆದರೆ ಮಗನ ಮಾತಿನ ದಿಕ್ಕು ಬದಲಿಸಿದ್ದು ರಾಮ ರಾಘೋಬ ರಾಣೆ. ಕಾರವಾರದ ಹತ್ತಿರದ ಚೆಂಡಿಯಾದಲ್ಲಿ 1918ರಲ್ಲಿ ಹುಟ್ಟಿದವರು. 1940ರಲ್ಲಿ ಬಾಂಬೆ ಸ್ಯಾಪರ್ಸ್ ಸೇರಿದರು. 1948ರ ಏಪ್ರಿಲ್‌ನಲ್ಲಿ ನಮ್ಮ ಸೈನ್ಯ ಕಾಶ್ಮೀರದ ನೌಶೇರಾದಿಂದ ರಜೌರಿಯ ಕಡೆ ಹೊರಟಿತ್ತು. ದಾರಿಯ ತುಂಬ ನೆಲಬಾಂಬುಗಳು, ಕಡಿದು ಕೆಡವಿದ ದೊಡ್ಡ ದೊಡ್ಡ ಮರಗಳು. ಟ್ಯಾಂಕುಗಳು ಮುಂದೆ ಹೋಗಲಾಗದೆ ನಿಂತವು. ಏಪ್ರಿಲ್ 8ರಂದು ರಾಣೆಯವರ ತಂಡ ಕೆಲಸ ಶುರು ಮಾಡುತ್ತಿದ್ದಂತೆ ಮಾರ್ಟರ್ ಗುಂಡು ಬಿದ್ದು ಇಬ್ಬರು ಸತ್ತರು, ಐವರಿಗೆ ಗಾಯವಾಯಿತು. ಆ ಐವರಲ್ಲಿ ರಾಣೆಯವರೂ ಒಬ್ಬರು. ಅವರು ಹಿಂದಕ್ಕೆ ಹೋಗಲಿಲ್ಲ. ಏಪ್ರಿಲ್ 11ರವರೆಗೆ, ಗುಂಡಿನ ನಡುವೆಯೇ, ನೆಲಬಾಂಬು ತೆಗೆದು, ಮರಗಳನ್ನು ಕಡಿದು, ಸಿಡಿಸಿ ದಾರಿ ಮಾಡಿದರು. ಒಂದು ಕಡೆ ಅವರು ಟ್ಯಾಂಕಿನಡಿ ತೆವಳುತ್ತಾ ಹೋಗಿ, ಒಳಗಿದ್ದ ಚಾಲಕನಿಗೆ ಹಗ್ಗ ಎಳೆದು 'ನಿಲ್ಲು', 'ನಡೆ' ಅಂತ ಸನ್ನೆ ಕೊಟ್ಟು ನೆಲಬಾಂಬುಗಳ ನಡುವೆ ಟ್ಯಾಂಕನ್ನು ದಾಟಿಸಿದರು. ಸೇನೆ ರಜೌರಿ ತಲುಪಿತು. ರಾಣೆಯವರಿಗೆ ಪರಮವೀರ ಚಕ್ರ ಬಂತು. ಬಹುಪಾಲು ಮರಣಾನಂತರ ಸಲ್ಲುವ ಆ ಪದಕವನ್ನು ಅವರು ಬದುಕಿದ್ದು ಪಡೆದರು. 1994ರಲ್ಲಿ ತೀರಿಕೊಂಡರು. ಕಾರವಾರದ ಕಡಲತೀರದಲ್ಲಿ ಅವರ ಪ್ರತಿಮೆಯಿದೆ. ರಜೆಗೆ ಆ ಕಡೆ ಹೋದಾಗ ಮಕ್ಕಳಿಗೆ ತೋರಿಸಿ.

ಇದನ್ನು ಓದಿ ಮುಗಿಸಿದ ಮೇಲೆ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಪ್ಪಾ, ಗೇಮ್‌ನಲ್ಲಿ ಎಂಜಿನಿಯರ್ ಸತ್ರೆ ಕಾರ್ಖಾನೆ ಇನ್ನೊಬ್ಬನ್ನ ಮಾಡಿಕೊಡುತ್ತೆ. ಆ ಇಬ್ಬರು?" ಅಂದ.

ಪೋಷಕರೇ, ನಾನು ಹೇಳಬೇಕೆಂದುಕೊಂಡಿದ್ದು ಇಷ್ಟೇ. ಗೇಮ್ ನಮ್ಮ ಮಕ್ಕಳಿಗೆ ಒಂದು ನಿಜವನ್ನು ಚೆನ್ನಾಗಿಯೇ ಕಲಿಸುತ್ತದೆ: ದಾರಿ ಮಾಡುವವನು ಮೊದಲು, ಓಡುವವನು ಆಮೇಲೆ. ಅದಕ್ಕೆ ತೆರುವ ಬೆಲೆಯನ್ನು ಗೇಮ್ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ನಾವು. ಗೇಮ್ ಆಡುವ ಮಗುವಿನ ಕೈಯಿಂದ ಮೌಸ್ ಕಿತ್ತುಕೊಂಡರೆ ಆ ಮಾತಿಗೆ ಜಾಗವೇ ಉಳಿಯುವುದಿಲ್ಲ. ಹೊತ್ತಿಗೆ ಮಿತಿ ಇರಲಿ, ನಮ್ಮ ಮನೆಯಲ್ಲೂ ಇದೆ. ಆದರೆ ವಾರಕ್ಕೊಮ್ಮೆ ಪಕ್ಕ ಕೂತು "ಇದೇನು ಮಾಡ್ತಿದ್ದೀಯ, ನನಗೆ ಹೇಳು" ಅಂತ ಕನ್ನಡದಲ್ಲಿ ಕೇಳಿ ನೋಡಿ.

ಇಬ್ರಾದಲ್ಲಿರುವ ನಮಗೆ ಇದು ಕಣ್ಣೆದುರಿಗೇ ಕಾಣುವ ವಿಷಯ. ಮಳೆ ಬಂದು ವಾದಿ ತುಂಬಿ ಹರಿದಾಗ ರಸ್ತೆ ಕಟ್ಟಿಹೋಗುತ್ತದೆ. ನೀರು ಇಳಿದ ಮೇಲೆ ಮೊದಲು ಹೋಗುವುದು ಲೋಡರ್ ಮತ್ತು ಅದರ ಚಾಲಕ. ಕಲ್ಲು ಮಣ್ಣು ಸರಿಸಿ, ಟಾರಿನ ಅಡಿ ಕೊರೆದಿದೆಯೇ ಅಂತ ನೋಡಿ ಆಮೇಲೆ ಆಂಬುಲೆನ್ಸ್ ಬಿಡುತ್ತೇವೆ, ಶಾಲೆ ಬಸ್ಸು ಬಿಡುತ್ತೇವೆ. ಬಸ್ಸಿನಲ್ಲಿ ಕೂತವರಿಗೆ ಆ ಚಾಲಕನ ಹೆಸರು ಗೊತ್ತಿರುವುದಿಲ್ಲ. ಇಲ್ಲಿಯ ಫಲಜ್ ಕಾಲುವೆಗಳನ್ನು ನೋಡಿ. ಒಮಾನಿನ ಐದು ಫಲಜ್‌ಗಳು 2006ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಪಂಪಿಲ್ಲದೆ, ನೆಲದ ಇಳಿಜಾರನ್ನೇ ನಂಬಿ, ತಲೆಮಾರುಗಳಿಂದ ಖರ್ಜೂರದ ತೋಟಗಳಿಗೆ ನೀರು ತಂದಿವೆ. ತೋಡಿದವರ ಜೊತೆಗೆ ಹೂಳು ತೆಗೆಯುತ್ತಾ ಬಂದವರೂ ಇದ್ದುದರಿಂದ ಅವು ಇಂದಿಗೂ ಹರಿಯುತ್ತಿವೆ.

ನಮ್ಮ ಶಾಲೆಯೂ ಹಾಗೆಯೇ ನಡೆದಿದೆ. ಕೆಲಸ ಬದಲಾದವರು ಮಸ್ಕತ್ತಿಗೆ ಹೋಗುತ್ತಾರೆ, ಕೆಲವರು ಊರಿಗೆ ಮರಳುತ್ತಾರೆ. ವಾರವಿಡೀ ದುಡಿದು, ರಜೆಯ ಬೆಳಿಗ್ಗೆ ನಿದ್ದೆ ಬಿಟ್ಟು, ಕಾಗುಣಿತ ಬರೆದ ಹಾಳೆ ಹಿಡಿದು ಬರುವ ಗುರುಗಳು ಉಳಿದಿದ್ದಾರೆ. ಅವರಿಗೆ ಸಂಬಳವಿಲ್ಲ. ಮುಂದಿನ ವರ್ಷ ಇನ್ನಿಬ್ಬರು ಗುರುಗಳು ಬೇಕಾಗಿದ್ದಾರೆ. ಪಾಠ ಮಾಡಲು ಬರುವುದಿಲ್ಲ ಅನ್ನುವವರು ಕುರ್ಚಿ ಹಾಕಲು, ಮಕ್ಕಳನ್ನು ಕರೆತರಲು ಕೈಗೂಡಿಸಬಹುದು.

ಗುರುಗಳಲ್ಲಿ ನನ್ನದೊಂದು ಕೋರಿಕೆ. ಐದು ನಿಮಿಷದ ಈ ಮಾತನ್ನು ಎಲ್ಲ ತರಗತಿಗಳಿಗೂ ತನ್ನಿ. ಕ್ರಿಕೆಟ್, ಅಡುಗೆ, ಗೇಮ್, ಬೆಕ್ಕು, ವಿಷಯ ಏನೇ ಇರಲಿ. ಪದ ಸಿಗದಿದ್ದಾಗ ಮಗು ನಮ್ಮನ್ನು ಕೇಳಲಿ. ನಮಗೂ ಗೊತ್ತಿಲ್ಲದಿದ್ದರೆ ಊರಿಗೆ ಫೋನ್ ಮಾಡೋಣ.

ಪ್ರಮಾಣಪತ್ರ ಪಡೆಯುತ್ತಿರುವ ಮಕ್ಕಳೇ, ನಿಮಗೆ ಅಭಿನಂದನೆ. ಮುಂದಿನ ಶುಕ್ರವಾರದಿಂದ ಚಿಕ್ಕ ತರಗತಿಯ ಮಕ್ಕಳಿಗೆ ಓದಿ ಹೇಳಲು ನೀವೂ ಬರುತ್ತೀರಿ ಅಂತ ಗುರುಗಳಿಗೆ ಆಗಲೇ ಹೇಳಿಬಿಟ್ಟಿದ್ದೇನೆ. ಒಂಬತ್ತು ಗಂಟೆಗೆ ಸರಿಯಾಗಿ ಬನ್ನಿ.