ಮೆಡಿಕಲ್ ಮೊದಲು, ಸಾಲ ಆಮೇಲೆ
(ಸ್ವಸಹಾಯ ಸಂಘಗಳ ಮಾಹಿತಿ ಸಭೆಯಲ್ಲಿ ಆಡಿದ ಮಾತುಗಳು)



ನಮ್ಮ ಕರಾವಳಿಯಲ್ಲಿ ಗಲ್ಫ್‌ಗೆ ಹೋದವರಿಲ್ಲದ ಊರು ಸಿಗುವುದು ಕಷ್ಟ. ಮಗನಿಗೆ ವೀಸಾ ಬರ್ತದೆ ಎಂದ ಕೂಡಲೇ ನಾವೇನು ಮಾಡುತ್ತೇವೆ? ಸಂಘದಲ್ಲಿ ಸಾಲ ಕೇಳುತ್ತೇವೆ, ಸಾಲದಿದ್ದರೆ ಬಂಗಾರ ಅಡವು ಇಡುತ್ತೇವೆ, ಏಜೆಂಟರ ಕೈಗೆ ಹಣ ಕೊಡುತ್ತೇವೆ. ಮೆಡಿಕಲ್ ಆಮೇಲೆ!

ನಮ್ಮ ಒಬ್ಬ ಸದಸ್ಯೆಯ ಮನೆಯಲ್ಲೂ ಹೀಗೇ ಆಯ್ತು. ಎಕ್ಸ್‌ರೇಯಲ್ಲಿ ಮಗನ ಎದೆಯಲ್ಲಿ ಕಲೆ ಕಂಡಿತು, 'ಅನ್‌ಫಿಟ್' ಎಂದರು. ಚಿಕ್ಕಂದಿನಲ್ಲಿ ಕ್ಷಯ ಬಂದು ಗುಣವಾದದ್ದರ ಗುರುತು ಅದು. ಏಜೆಂಟ್ ಹಣ ಹಿಂದೆ ಕೊಡಲಿಲ್ಲ. ಮಗ ಮನೆಯಲ್ಲೇ ಉಳಿದ, ಕಂತು ತಾಯಿಯ ತಲೆಗೆ ಬಂತು.

ಗಲ್ಫ್ ಮೆಡಿಕಲ್‌ನಲ್ಲಿ ಮುಖ್ಯವಾಗಿ ಕ್ಷಯ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡುತ್ತಾರೆ. ಹೆಂಗಸರಿಗೆ ಗರ್ಭ ಪರೀಕ್ಷೆಯೂ ಉಂಟು. ಅಲ್ಲಿ ಇಳಿದ ಮೇಲೆ ವಾಸದ ಪರವಾನಗಿಗೆ ಮತ್ತೊಮ್ಮೆ ಪರೀಕ್ಷೆ. ಆದ್ದರಿಂದ "ಹಣ ಕೊಡಿ, ಫಿಟ್ ಮಾಡಿಸ್ತೇನೆ" ಎನ್ನುವವರನ್ನು ನಂಬಬೇಡಿ. ಅಲ್ಲಿ ಸಿಕ್ಕಿಬಿದ್ದರೆ ವಾಪಸ್ ಕಳಿಸುತ್ತಾರೆ; ರೋಗಕ್ಕೆ ಮದ್ದೂ ಆಗಿರುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಹೊರಡುವ ಯೋಚನೆ ಬಂದಾಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕ್ಷಯದ ಕಫ ಪರೀಕ್ಷೆ, ಮದ್ದು ಎರಡೂ ಉಚಿತ. ಸಾಮಾನ್ಯ ಕ್ಷಯ ಆರು ತಿಂಗಳ ಮದ್ದಿನಲ್ಲಿ ಗುಣವಾಗುತ್ತದೆ. ಎಚ್‌ಐವಿ ಪರೀಕ್ಷೆಯೂ ಉಚಿತ, ಗುಟ್ಟಾಗಿ ಇಡುತ್ತಾರೆ; ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಹೇಳಬಾರದೆಂದು 2017ರ ಕಾನೂನೇ ಇದೆ. ಹೆಪಟೈಟಿಸ್ ಬಿ ಬಾರದಂತೆ ತಡೆಯುವ ಲಸಿಕೆ ಮೂರು ಡೋಸ್. ಮುಗಿಯಲು ಆರು ತಿಂಗಳು ಬೇಕು. ಹಳೆಯ ಕಲೆಗೂ ಅನ್‌ಫಿಟ್ ಮಾಡುವುದುಂಟು. ಅದು ಮೊದಲೇ ಗೊತ್ತಾದರೆ ಸಾಲವಾದರೂ ಉಳಿಯುತ್ತದಲ್ವಾ?

ಮೊದಲು 'ಗಾಮ್ಕಾ' ಎನ್ನುತ್ತಿದ್ದ ಮೆಡಿಕಲ್‌ಗೆ ಈಗ 'ವಾಫಿದ್' ವೆಬ್‌ಸೈಟಿನಲ್ಲಿ ಬುಕಿಂಗ್. ಚೀಟಿಯಲ್ಲಿ ಬರೆದ ಕೇಂದ್ರಕ್ಕೇ ಹೋಗಬೇಕು. ಪಾಸ್‌ಪೋರ್ಟ್ ನಂಬರ್ ಹಾಕಿ ಫಲಿತಾಂಶವನ್ನು ನೀವೇ ನೋಡಬಹುದು. ಏಜೆಂಟ್ ಬಾಯಿಮಾತು ಸಾಲದು. ರಿಪೋರ್ಟಿನ ಪ್ರತಿ ಮನೆಯಲ್ಲಿರಲಿ.

ಏಜೆಂಟರಿಗೆ ಸರ್ಕಾರದ ಲೈಸೆನ್ಸ್ ಇದೆಯೇ ಎಂದು 'ಇ-ಮೈಗ್ರೇಟ್' ವೆಬ್‌ಸೈಟಿನಲ್ಲಿ ನೋಡಿ. ಅವರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ರಸೀದಿ ಇಲ್ಲದೆ ಒಂದು ರೂಪಾಯಿಯೂ ಬೇಡ.

ಕೊನೆಗೆ ಸಂಘಕ್ಕೊಂದು ಮಾತು. ವಿದೇಶಕ್ಕೆಂದು ಸಾಲ ಕೇಳಿದರೆ "ಮೆಡಿಕಲ್ ಆಯ್ತಾ?" ಎಂದು ಕೇಳಿ ನಿರ್ಣಯ ಬರೆಯಿರಿ. ಆದರೆ ರಿಪೋರ್ಟ್ ತೋರಿಸು ಎನ್ನಬೇಡಿ, ಏನು ಬಂತು ಎಂದು ಕೆದಕಬೇಡಿ. ಯಾರಾದರೂ ಅನ್‌ಫಿಟ್ ಆದರೆ ಬಾವಿಕಟ್ಟೆಯಲ್ಲಿ ಮಾತಾಗದಿರಲಿ. ಆ ತಾಯಿಯ ಜೊತೆ ಆಸ್ಪತ್ರೆಗೆ ಹೋಗಲು ನಮ್ಮಲ್ಲೊಬ್ಬರು ಏಳೋಣ. ಸಂಘ ಕಟ್ಟಿದ್ದು ಅದಕ್ಕೇ ಅಲ್ವಾ?