ಗಡಿಯಾರವಿಲ್ಲದ ಚಿಪ್ಪಿನ ಲೆಕ್ಕ
(ವಿದ್ಯಾರ್ಥಿವೇತನ ವಿತರಣಾ ಸಭೆ, ಕೊಡೇಕಲ್)

 

"ಬೆಂಗಳೂರಾಗ ನಿನ್ನ ಕೆಲಸ ಏನಪಾ?" ಎಂದು ಊರಲ್ಲಿ ಎಲ್ಲರೂ ಕೇಳುತ್ತಾರೆ. ಚಿಪ್ ತಯಾರಾಗುವ ಮೊದಲೇ ಅದರ ನಕ್ಷೆಯಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ತಪ್ಪು ಆಮೇಲೆ ಸಿಕ್ಕರೆ ದುಬಾರಿ. 1994ರಲ್ಲಿ ಪೆಂಟಿಯಂ ಚಿಪ್ ಭಾಗಾಕಾರದಲ್ಲಿ ತಪ್ಪಿದ್ದಕ್ಕೆ ಇಂಟೆಲ್ ಕಂಪನಿ 47.5 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು.

ಜಮಾತಿನ ನಮಾಜಿನಲ್ಲಿ ಇಮಾಮರ ತಕ್ಬೀರ್ ಕೇಳಿ ಎಲ್ಲರೂ ಒಟ್ಟಿಗೆ ರುಕೂಗೆ ಹೋಗುತ್ತೇವೆ. ಸಾಮಾನ್ಯ ಚಿಪ್ಪಿನ ಭಾಗಗಳೂ ಹಾಗೆ ಒಂದೇ ಗಡಿಯಾರದ ಮಿಡಿತಕ್ಕೆ ನಡೆಯುತ್ತವೆ. ಗಡಿಯಾರವೇ ಇಲ್ಲದ ಚಿಪ್ಪುಗಳೂ ಇವೆ. ಅಂಥ ಮೊದಲ ಮೈಕ್ರೊಪ್ರೊಸೆಸರ್ 1989ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಆಯಿತು. ಅದರ ನಡೆ ಇಫ್ತಾರಿನಲ್ಲಿ ಕೈಯಿಂದ ಕೈಗೆ ತಟ್ಟೆ ಸಾಗಿಸಿದಂತೆ. ಒಬ್ಬ "ಹಿಡಿ" ಅನ್ನಬೇಕು, ಪಕ್ಕದವ "ಹಿಡಿದೆ" ಅಂದ ಮೇಲೆಯೇ ಬಿಡಬೇಕು. ಕೆಲಸವಿಲ್ಲದ ಭಾಗ ಸುಮ್ಮನಿರುತ್ತದೆ, ಕರೆಂಟ್ ಉಳಿಯುತ್ತದೆ.

ಆದರೆ ಇಬ್ಬರೂ "ಪಹಲೇ ಆಪ್" ಎಂದು ಕುಳಿತರೆ? ತಟ್ಟೆ ಅಲ್ಲೇ ನಿಂತಿತು! ಚಿಪ್ಪೂ ಹೀಗೆ ಸ್ತಬ್ಧವಾಗುತ್ತದೆ, ಅದೂ ಯಾವಾಗಲೋ ಒಮ್ಮೆ. ಹತ್ತು ಭಾಗಗಳು ಒಂದಾದ ಮೇಲೊಂದು ಕೆಲಸ ಮುಗಿಸುವ ಕ್ರಮಗಳೇ 36,28,800. ಒಂದೊಂದನ್ನೂ ಓಡಿಸಿ ನೋಡುತ್ತಾ ಕೂರಲಾಗದು. ಆದರೆ ಯಾವುದು ಮುಗಿದಿದೆ, ಯಾವುದು ಮುಗಿದಿಲ್ಲ ಎಂಬ ಸ್ಥಿತಿಗಳನ್ನು ಎಣಿಸಿದರೆ 1,024 ಮಾತ್ರ. ಅಷ್ಟನ್ನೂ ನೋಡಿ ಮುಗಿಸಬಹುದು.

ಇದಕ್ಕೊಂದು ಬೀಜಗಣಿತವಿದೆ. ಟೋನಿ ಹೋರ್ 1978ರಲ್ಲಿ, ರಾಬಿನ್ ಮಿಲ್ನರ್ 1980ರಲ್ಲಿ ಅದಕ್ಕೆ ರೂಪ ಕೊಟ್ಟರು. ಅದರಲ್ಲಿ ಅಕ್ಷರ ನಿಂತಿರುವುದು ಸಂಖ್ಯೆಗಲ್ಲ, 'ಕೊಟ್ಟೆ', 'ತೆಗೆದುಕೊಂಡೆ' ಎಂಬ ಕ್ರಿಯೆಗೆ. ಪ್ರತಿ ಭಾಗದ ನಡೆಯನ್ನು ಸಮೀಕರಣವಾಗಿ ಬರೆದು, ಜೋಡಿಸಿ, ಎಲ್ಲಾದರೂ ಸಿಕ್ಕಿಹಾಕಿಕೊಳ್ಳುತ್ತದೆಯೇ ಎಂದು ಲೆಕ್ಕದಿಂದಲೇ ತೋರಿಸುತ್ತೇವೆ. ಆಲ್ಜೀಬ್ರಾ ಎಂಬ ಹೆಸರು ಬಂದದ್ದೇ ಬಗ್ದಾದಿನ ಅಲ್-ಖ್ವಾರಿಜ್ಮಿ ಅವರ ಅಲ್-ಜಬ್ರ್ ಗ್ರಂಥದಿಂದ. ಅದರಲ್ಲಿ ದೊಡ್ಡ ಭಾಗ ಮೀರಾಸಿನ ಹಂಚಿಕೆಯದು. ನಮ್ಮ ಮನೆಗಳ ಲೆಕ್ಕವೇ ಅನ್ನಿ!

ದಾನಿಗಳಲ್ಲಿ ಒಂದು ಅರಿಕೆ. ನನಗಿಂತ ಗಣಿತದಲ್ಲಿ ಜಾಣನಾಗಿದ್ದ ಗೆಳೆಯ ಮೂರನೇ ವರ್ಷದ ಫೀಸು ಕಟ್ಟಲಾಗದೆ ಇಂಜಿನಿಯರಿಂಗ್ ಬಿಟ್ಟ. ಮೊದಲ ವರ್ಷಕ್ಕೆ ಕೊಡುವವರು ಬಹಳ. ದಯವಿಟ್ಟು ಮೂರನೆಯದಕ್ಕೂ ಕೊಡಿ. ತಂದೆತಾಯಂದಿರೇ, ಪಿಯುಸಿಯಲ್ಲಿ ಗಣಿತ ತೆಗೆದುಕೊಳ್ಳುತ್ತೇನೆ ಎಂಬ ಮಗಳನ್ನು ತಡೆಯಬೇಡಿ.

ಈ ಲೆಕ್ಕ ಮಾಡುವ ಎಂಸಿಆರ್‌ಎಲ್2 ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿದೆ. ಊಟವಾದ ಮೇಲೆ ಮಕ್ಕಳು ಬನ್ನಿ, "ಪಹಲೇ ಆಪ್" ಎಲ್ಲಿ ಸಿಕ್ಕಿಕೊಳ್ಳುತ್ತದೆ, ತೋರಿಸುತ್ತೇನೆ.